ಮೈಲಿಗೆ ಡ್ರೈವರ್‌ಗೆ ಮನೆಯಲ್ಲಿ ಜಾಗ

ಮಣಿಪಾಲದ ಹಾಸ್ಟೆಲ್‌ನಲ್ಲಿ ಕೂತು ಲ್ಯಾಪ್‌ಟಾಪ್‌ಗೆ ಡೆಬಿಯನ್ ಹಾಕಲು ಹೊರಟ ಹುಡುಗನಿಗೆ ಮೊದಲು ಸಿಗುತ್ತಿದ್ದ ಪಾಠ ಇದು: ಅನೇಕ ವೈಫೈ ಚಿಪ್‌ಗಳ ಫರ್ಮ್‌ವೇರ್ ಕಂಪನಿಯ ಗುಟ್ಟು, ಹಾಗಾಗಿ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಅದು ಇಲ್ಲ. ನೆಟ್‌ನಿಂದ ಇಳಿಸೋಣ ಅಂದ್ರೆ ವೈಫೈಯೇ ಇಲ್ಲ! 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ಈ ಮಡಿ ಸಡಿಲಿಸಿದರು. 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತೆ, ಆದರೆ ಬೇರೆಯೇ ವಿಭಾಗದಲ್ಲಿ.

ತತ್ವ ಕೈಬಿಟ್ಟರು ಅಂತ ಗೊಣಗುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಬೇಸತ್ತು ವಿಂಡೋಸ್‌ಗೆ ವಾಪಸ್ ಹೋದವನಿಗೆ ಆಮೇಲೆ ತತ್ವ ಹೇಳೋರು ಯಾರು?

ಆದರೆ ಒಳಗೆ ಬಿಡೋದು ಬೇರೆ, ಬಿಟ್ಟಿದ್ದನ್ನು ಮರೆಯೋದು ಬೇರೆ. ಮುಚ್ಚಿದ ಡ್ರೈವರ್ ಲೋಡ್ ಆದರೆ ಲಿನಕ್ಸ್ ಕರ್ನಲ್ ತನ್ನನ್ನೇ ‘ಟೇಂಟೆಡ್’ ಅಂತ ಗುರುತು ಮಾಡಿಕೊಳ್ಳುತ್ತೆ. ಉಡುಪಿ ಕಡೆಯ ಮಾತಲ್ಲಿ ಮೈಲಿಗೆ. ಇದು ಹೊರಗೆ ನಿಲ್ಲಿಸೋ ಮೈಲಿಗೆಯಲ್ಲ. ಕೆಲಸ ನಡೆಯುತ್ತೆ. ಕ್ರ್ಯಾಶ್ ಆದರೆ ಮಾತ್ರ, ನಮಗೆ ಕಾಣದ ಕೋಡ್ ಇಲ್ಲಿ ಸೇರಿದೆ ಅನ್ನೋದು ಡೆವಲಪರ್‌ಗೆ ತಕ್ಷಣ ಗೊತ್ತಾಗುತ್ತೆ.

ನನ್ನ ತಕರಾರು ಇರೋದು ಈ ಗುರುತು ಬಳಕೆದಾರನ ಕಣ್ಣಿಗೆ ಬೀಳಲ್ಲ ಅನ್ನೋದಕ್ಕೆ. ಉಬುಂಟು ಹಾಕುವಾಗ ಒಂದು ಟಿಕ್ ಹಾಕಿ ಮುಂದೆ ಹೋಗ್ತೀವಿ. ನಾಳೆ ಕಂಪನಿ ಸಪೋರ್ಟ್ ನಿಲ್ಲಿಸಿದರೆ ಆ ಕಾರ್ಡಿನ ಗತಿಯೇನು ಅಂತ ಯಾರೂ ಹೇಳಿರಲ್ಲ.

ಕೆ.ಪಿ. ರಾಯರು ತಮ್ಮ ಕನ್ನಡ ಕೀಲಿಮಣೆ ವಿನ್ಯಾಸವನ್ನು ಮುಕ್ತವಾಗಿ ಬಿಟ್ಟುಕೊಟ್ಟರು. ಇವತ್ತು ಅದೇ ಜಾಡಿನ ‘ಕಗಪ’ ಲಿನಕ್ಸ್‌ನಲ್ಲೂ ಇದೆ, ಯಾವ ಕಂಪನಿ ಬಾಗಿಲು ಮುಚ್ಚಿದರೂ ಇರುತ್ತೆ. ಮುಚ್ಚಿದ ಡ್ರೈವರ್ ಬಗ್ಗೆ ಈ ಮಾತು ಹೇಳೋಕಾಗಲ್ಲ. ಅದನ್ನು ಸಹಿಸೋಣ, ಆದರೆ ಹೆಸರು ಹಿಡಿದು ಕರೆದು ಸಹಿಸೋಣ.