ಸಾಹುಕಾರನ ಸೊಕ್ಕು ಮಗಳ ತಲೆಗೆ

ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ ಬರೆದ ‘ಸಂಪತ್ತಿಗೆ ಸವಾಲ್’ ನಮ್ಮ ಕಡೆಯ ಕಂಪನಿ ನಾಟಕಗಳಲ್ಲಿ ಬಹುದೂರ ನಡೆದ ನಾಟಕ. 1974ರಲ್ಲಿ ಎ.ವಿ. ಶೇಷಗಿರಿರಾವ್ ಅದನ್ನು ಸಿನಿಮಾ ಮಾಡಿದರು. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡಿದ್ದು ನಮ್ಮ ಶಿರೂರಿನ ಕಟ್ಟೆಯ ಮೇಲೆ ಕೂಡುವ ಹಿರಿಯರಿಗೆ ಇವತ್ತಿಗೂ ಬಾಯಿಪಾಠ. ಅಷ್ಟೇ ನೆನಪಿರುವುದು ಮಂಜುಳಾ ಮಾಡಿದ ದುರ್ಗಾ: ಸಿರಿವಂತರ ಮಗಳು, ಜೋರು ಬಾಯಿ, ನೆತ್ತಿಗೇರಿದ ಕಣ್ಣು. ಬಡವನಾದ, ನೇರ ನಡೆಯ ಭದ್ರ (ರಾಜಕುಮಾರ್) ಅವಳ ಸೊಕ್ಕಿಳಿಸುತ್ತಾನೆ.

ಹೆಸರಿನ ಪ್ರಕಾರ ಸವಾಲು ಇರುವುದು ಸಂಪತ್ತಿಗೆ. ದುಡಿಯುವವನ ಮರ್ಯಾದೆ ದುಡ್ಡಿಗಿಂತ ದೊಡ್ಡದೆಂದು ಸಾಹುಕಾರರ ಎದುರೇ ಹೇಳಿಸಿದ್ದು ಸಣ್ಣ ಮಾತಲ್ಲ. ಸಾಲದ ಬಾಧೆ ಉಂಡ ಸೀಮೆಯ ಬರಹಗಾರನಿಗೆ ಅದು ಸಹಜವಾಗಿ ಬಂದಿದೆ. ಆದರೆ ತೆರೆಯ ಮೇಲೆ ಸಂಪತ್ತಿನ ಸೊಕ್ಕು ಹೆಚ್ಚಾಗಿ ಮಾತಾಡುವುದು ಹುಡುಗಿಯ ಬಾಯಿಂದ. ಹೊಲ, ಬಡ್ಡಿ, ಲೆಕ್ಕದ ಪುಸ್ತಕ ಯಾವುದೂ ಅವಳ ಕೈಯಲ್ಲಿಲ್ಲ. ಶಿಕ್ಷೆ ಮಾತ್ರ ಅವಳಿಗೆ. ಅವಳು ತಗ್ಗಿದಾಗ ಬೀಳುವ ಚಪ್ಪಾಳೆ ಬಡವ ಗೆದ್ದದ್ದಕ್ಕೋ, ಹೆಣ್ಣು ಸೋತದ್ದಕ್ಕೋ? ಪ್ರೇಕ್ಷಕ ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಮನೆಗೆ ಹೋಗುತ್ತಾನೆ.

ಮಂಜುಳಾ ಅಭಿನಯಕ್ಕೆ ಮಾತ್ರ ಕೊಂಕು ಹೇಳಲಾರೆ. ಚಿತ್ರದ ಅರ್ಧ ಜೀವ ಅವರ ಜೋರಿನಲ್ಲೇ ಇದೆ. ತೊಂದರೆಯೂ ಅಲ್ಲಿಂದಲೇ ಶುರು: ದುರ್ಗಾಳಿಗೆ ಬಾಯಿ ಕೊಟ್ಟವರು ಹೇಳಿಕೊಳ್ಳಲು ಒಂದು ದೂರನ್ನು ಕೊಡಲಿಲ್ಲ. ಅವಳ ಸಿಟ್ಟಿಗೆ ಕಾರಣವೇ ಇಲ್ಲ, ಬರೀ ಕೊಬ್ಬು. ಎರಡು ವರ್ಷದ ನಂತರ ಇದೇ ನಿರ್ದೇಶಕರ ‘ಬಹದ್ದೂರ್ ಗಂಡು’ ಚಿತ್ರದಲ್ಲಿ ಜಯಂತಿ ಸೊಕ್ಕಿನ ರಾಜಕುಮಾರಿ. 1989ರ ‘ನಂಜುಂಡಿ ಕಲ್ಯಾಣ’ದಲ್ಲಿ ಮಾಲಾಶ್ರೀಯೂ ಅಂಥದೇ ಸೊಕ್ಕಿನ ಹುಡುಗಿ; ಆ ಚಿತ್ರ ಪರ್ವತವಾಣಿಯವರ ನಾಟಕದಿಂದ, ಆ ನಾಟಕ ಶೇಕ್ಸ್‌ಪಿಯರನಿಂದ ಬಂದದ್ದು. ಹೀಗೆ ಶೇಕ್ಸ್‌ಪಿಯರನ ಗಂಡುಬೀರಿ ನಮ್ಮೂರ ಡೇರೆ, ಟಾಕೀಸುಗಳಲ್ಲಿ ಮನೆಮಗಳಾದಳು.

ಸ್ತ್ರೀವಾದ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಇವಳೇ. ಚಳವಳಿಯ ಒಂದು ಕರಪತ್ರವನ್ನೂ ಓದದವರಿಗೆ ‘ಅವರಿಗೆ ಗಂಡಸರನ್ನ ಕಂಡ್ರ ಆಗೂದಿಲ್ಲ’, ‘ಉಂಡು ಹೆಚ್ಚಾದವರ ಆಟ ಅದು’ ಎಂಬುದು ಖಚಿತವಾಗಿ ಗೊತ್ತು. ಗ್ರಾಮಸಭೆಯಲ್ಲಿ ನೀರಿನ ಬಗ್ಗೆ ಗಟ್ಟಿ ದನಿಯಲ್ಲಿ ಕೇಳಿದ ಹೆಣ್ಣುಮಗಳೂ ‘ಸೊಕ್ಕಿನಾಕಿ’ ಆಗುತ್ತಾಳೆ. ಹೇಳಿದ್ದೇನೆಂದು ಕೇಳುವ ಮೊದಲೇ ದನಿಯ ಎತ್ತರ ಅಳೆದಾಗಿರುತ್ತದೆ.

ಸುದ್ದಿವಾಹಿನಿಗಳು ಈ ಕಥೆಗೆ ಹೊಸ ಅಂಕ ಸೇರಿಸಿದವು, ಅಷ್ಟೆ. 2018ರ ಅಕ್ಟೋಬರಿನಲ್ಲಿ ಕನ್ನಡ ನಟಿಯೊಬ್ಬರು ಕಿರುಕುಳದ ಆರೋಪ ಮಾಡಿದಾಗ ದಿನಗಟ್ಟಲೆ ಚರ್ಚೆ ನಡೆಯಿತು. ಹೆಚ್ಚು ಹೊತ್ತು ನುಂಗಿದ್ದು ‘ಇಷ್ಟು ದಿನ ಯಾಕೆ ಸುಮ್ಮನಿದ್ದರು’ ಎಂಬ ಪ್ರಶ್ನೆ. ಆರೋಪ ನಿಜವೋ ಸುಳ್ಳೋ ತೀರ್ಮಾನಿಸುವುದು ಸ್ಟುಡಿಯೋದ ಕೆಲಸವಲ್ಲ. ಆದರೆ ಕೆಲಸದ ಜಾಗದಲ್ಲಿ ದೂರು ಸಮಿತಿ ಇರಬೇಕೆಂದು 2013ರ ಕಾನೂನು ಹೇಳುತ್ತದೆ; ಚಿತ್ರೀಕರಣದ ಜಾಗದಲ್ಲಿ ಅದಿದೆಯೇ ಎಂದು ವಿಚಾರಿಸುವುದು ವಾಹಿನಿಗಳ ಕೆಲಸವೇ. 2024ರಲ್ಲಿ ಚಿತ್ರರಂಗದವರದೇ ಆದ ‘ಫೈರ್’ ಸಂಸ್ಥೆ ಕನ್ನಡ ಚಿತ್ರರಂಗದ ಸ್ಥಿತಿ ಪರಿಶೀಲಿಸಲು ಸಮಿತಿ ಬೇಕೆಂದು ಸರ್ಕಾರಕ್ಕೆ ಮನವಿ ಕೊಟ್ಟಿತು. ಮನವಿಯಲ್ಲಿ ಜಗಳವಿಲ್ಲ, ಹಾಗಾಗಿ ಚರ್ಚೆಗೂ ರುಚಿಯಿಲ್ಲ.

ಚಳವಳಿ ನಿಜವಾಗಿ ಕೇಳಿದ ಸಂಗತಿಗಳು ಒಣ ಸಂಗತಿಗಳೇ. ಇಳಕಲ್ಲ ಸೀರೆಗೆ ಹೆಸರಿದೆ, ಮನೆಯೊಳಗೆ ನೂಲಿನ ಕಂಡಕಿ ಸುತ್ತುವ ಹೆಣ್ಣಿನ ದುಡಿಮೆಗೆ ಬೇರೆ ಕೂಲಿಯ ಲೆಕ್ಕವಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಮಾತ್ರ. 2005ರಲ್ಲಿ ಕೇಂದ್ರದ ಕಾನೂನು ಆ ಷರತ್ತನ್ನೂ ತೆಗೆಯಿತು. ಆದರೂ ‘ತವರು ಉಳೀಲಿ’ ಎಂದು ಹಕ್ಕು ಬಿಟ್ಟುಕೊಟ್ಟು ಸಹಿ ಮಾಡುವ ಅಕ್ಕತಂಗಿಯರು ನಮ್ಮ ಸುತ್ತಲೇ ಇದ್ದಾರೆ. ಇಲ್ಲಿ ಸಂಪತ್ತೂ ಇದೆ, ಸವಾಲೂ ಇದೆ, ಕಣ್ಣೀರಂತೂ ಬೇಕಾದಷ್ಟಿದೆ; ಕಂಪನಿ ನಾಟಕಕ್ಕೆ ಇನ್ನೇನು ಬೇಕು?

ಬನಶಂಕರಿ ಜಾತ್ರೆಗೆ ನಾಟಕದ ಡೇರೆ ಹಾಕುವ ಮಾಲೀಕರಲ್ಲಿ, ಅವರಿಗೆ ಬರೆದುಕೊಡುವ ಕವಿಗಳಲ್ಲಿ ಒಂದು ವಿನಂತಿ: ಹೊಸ ನಾಟಕಕ್ಕೆ ಕೂರುವ ಮುನ್ನ ಯಾವುದಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಒಂದು ದಿನ ಕೂತು, ಸಹಿ ಮಾಡಿ ಹೊರಬರುವ ಹೆಣ್ಣುಮಕ್ಕಳನ್ನು ಮಾತಾಡಿಸಿ.