ಮ್ಯೂಸಿಯಮ್ಮಿನ ಕೋಣೆಯಲ್ಲಿ ತೊಗಲುಗೊಂಬೆ

ಕಲಾ ಮ್ಯೂಸಿಯಮ್ಮುಗಳ ಕೋಣೆಗಳಲ್ಲಿ ಈಗ ಚಿತ್ರ, ಶಿಲ್ಪಗಳ ಜೊತೆಗೆ ಜೀವಂತ ಮನುಷ್ಯರೂ ಪ್ರದರ್ಶನಕ್ಕೆ ನಿಲ್ಲುತ್ತಾರೆ. 2010ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ಮರೀನಾ ಅಬ್ರಮೋವಿಚ್ ಎಂಬ ಕಲಾವಿದೆ ಮಾರ್ಚ್ ಮಧ್ಯದಿಂದ ಮೇ ಕೊನೆಯವರೆಗೆ ಒಂದು ಕುರ್ಚಿಯಲ್ಲಿ ಮಾತಿಲ್ಲದೆ ಕುಳಿತರು. ಬಂದವರು ಎದುರು ಕುರ್ಚಿಯಲ್ಲಿ ಕುಳಿತು ಅವರನ್ನು ನೋಡಿದರು, ಅಷ್ಟೆ. 2019ರ ಸೆಪ್ಟೆಂಬರಿನಲ್ಲಿ ಅದೇ ಊರಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನಮ್ಮ ದೇಶದ ನಿಖಿಲ್ ಚೋಪ್ರಾ ಒಂಬತ್ತು ದಿನಗಳ ಕಾಲ ವೇಷ ಬದಲಿಸುತ್ತ, ಕೋಣೆಯಿಂದ ಕೋಣೆಗೆ ಸಾಗುತ್ತ, ದೊಡ್ಡ ಬಟ್ಟೆಯ ಮೇಲೆ ಚಿತ್ರ ಬರೆದರು. ಕೊಚ್ಚಿಯ ಬಿಯೆನಾಲೆ 2012ರಲ್ಲಿ ಶುರುವಾದ ಮೇಲೆ ಇಂಥದು ನಮ್ಮ ಮಲಯಾಳಂ ಓದುಗರಿಗೂ ಹೊಸದಾಗಿ ಉಳಿದಿಲ್ಲ.

ಇಂಥ ಪ್ರದರ್ಶನವನ್ನು ಅಳೆಯುವುದು ಹೇಗೆ? ಚೆನ್ನಾಗಿತ್ತು, ವಿಚಿತ್ರವಾಗಿತ್ತು ಎಂದರೆ ವಿಮರ್ಶೆಯಾಗುವುದಿಲ್ಲ. ನನ್ನ ಅಳತೆಗೋಲು ಸರಳವಾದದ್ದು: ಆಟ ನಡೆಯುವಷ್ಟು ಹೊತ್ತು ಆ ಕೋಣೆಯಲ್ಲಿ ಯಾರ ಕಟ್ಟಳೆ ನಡೆಯುತ್ತದೆ? ಮ್ಯೂಸಿಯಮ್ಮಿನದೋ, ಆಟದ್ದೋ? ಆಟದ ಕಟ್ಟಳೆ ನಡೆದರೆ ಕಲಾವಿದ ಅಲ್ಲಿ ಅತಿಥಿ. ಮ್ಯೂಸಿಯಮ್ಮಿನ ಕಟ್ಟಳೆಯೇ ನಡೆದರೆ ಅವನೂ ಒಂದು ಪ್ರದರ್ಶನ ವಸ್ತು. ಉಸಿರಾಡುತ್ತಾನೆ ಎಂಬುದಷ್ಟೇ ವ್ಯತ್ಯಾಸ. ಈ ಅಳತೆಗೋಲನ್ನು ನನಗೆ ಕೊಟ್ಟದ್ದು ತೊಗಲುಗೊಂಬೆ.

ನಾನು ಬ್ಯಾಂಕಿನ ಗುಮಾಸ್ತ. ಕೆಲವು ವರ್ಷ ಮಡಕಶಿರಾದಲ್ಲಿದ್ದು ಈಗ ರಾಯದುರ್ಗದಲ್ಲಿದ್ದೇನೆ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಆಂಧ್ರ ರಾಜ್ಯವಾದಾಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರವನ್ನೂ ಬಿಟ್ಟು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆಯ ಹೆಸರು ಎಷ್ಟು ಬದಲಾದರೂ ನಮ್ಮ ಕೌಂಟರಿಗೆ ಬರುವವರು ಅರ್ಧ ವಾಕ್ಯ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಮಾತಾಡುತ್ತಾರೆ. ಈ ಸೀಮೆಯ ಗೊಂಬೆಯಾಟದವರು ಇನ್ನೂ ಒಂದು ಹೆಜ್ಜೆ ಮುಂದೆ. ಮನೆಯೊಳಗೆ ಅವರದು ಮರಾಠಿಯ ಒಂದು ಬಗೆ. ಪರದೆಯ ಹಿಂದೆ ಊರಿಗೆ ತಕ್ಕಂತೆ ಕನ್ನಡ ಅಥವಾ ತೆಲುಗು. ಆಟದ ಕೋಡಂಗಿ ನಮ್ಮಲ್ಲಿ ಕಿಳ್ಳೇಕ್ಯಾತ, ತೆಲುಗಿನಲ್ಲಿ ಕೇತಿಗಾಡು. ಅವನ ಜೊತೆಗಾತಿ ಮಾತ್ರ ಎರಡು ಕಡೆಯೂ ಬಂಗಾರಕ್ಕ.

ತೊಗಲುಗೊಂಬೆಯ ಗುಟ್ಟು ಅದರ ಹದದಲ್ಲಿದೆ. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಉಳಿಯಿಂದ ತೂತು ಹೊಡೆದು, ಎರಡೂ ಮೈಗೆ ಬಣ್ಣ ಹಾಕುತ್ತಾರೆ. ಬೆಳಕು ಹಿಂದಿನಿಂದ ಬರಬೇಕು, ನೋಡುವವರು ಕತ್ತಲಲ್ಲಿ ಕೂರಬೇಕು. ಆಗ ಆ ತೂತುಗಳೇ ಒಡವೆಯಾಗಿ ಹೊಳೆಯುತ್ತವೆ, ಬಣ್ಣ ಹೊತ್ತಿಕೊಳ್ಳುತ್ತದೆ. ಅದೇ ಗೊಂಬೆಗೆ ಎದುರಿನಿಂದ ಬೆಳಕು ಬಿಡಿ: ಕಂದು ಬಣ್ಣದ ಒಣ ಚರ್ಮ ಉಳಿಯುತ್ತದೆ. ಆಟದಲ್ಲಿ ಗೊಂಬೆಗೆ ಕೈಯ ಬೆವರು, ದೀಪದ ಕಾವು ಎಲ್ಲ ತಾಗುತ್ತವೆ, ಹರಿದರೆ ಹೊಲಿಯುತ್ತಾರೆ. ತೀರಾ ಹಳೆಯದಾದರೆ ಕೈಮುಗಿದು ಹೊಳೆಗೆ ಬಿಡುವ ಪದ್ಧತಿಯೂ ಇತ್ತು.

ಮ್ಯೂಸಿಯಂ ಇದರ ಪ್ರತಿಯೊಂದಕ್ಕೂ ಬೇಡ ಎನ್ನುತ್ತದೆ. ಮುಟ್ಟಬಾರದು, ಕಾವು ತಾಗಬಾರದು. ಬಣ್ಣ ಹಾಕಿದ ತೊಗಲಿನ ಮೇಲೆ 50 ಲಕ್ಸಿಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಸಂರಕ್ಷಣಾ ಶಾಸ್ತ್ರದ ಸಾಮಾನ್ಯ ಮಿತಿ. ಒಂದು ಮೇಣದಬತ್ತಿ ಒಂದು ಮೀಟರು ದೂರದಲ್ಲಿ ಚೆಲ್ಲುವ ಬೆಳಕು ಸುಮಾರು ಒಂದು ಲಕ್ಸ್. ಅಂಥ ಐವತ್ತು ಎಂದಿಟ್ಟುಕೊಳ್ಳಿ. ಈ ಮಿತಿಯನ್ನು ನಾನು ಹಳಿಯುತ್ತಿಲ್ಲ. ಅದಿಲ್ಲದಿದ್ದರೆ ಹಳೆಯ ಗೊಂಬೆಗಳು ಮಾಸಿಹೋಗುತ್ತಿದ್ದವು. ಆದರೆ ಬ್ಯಾಂಕಿನವನಿಗೆ ಲಾಕರಿನ ಸ್ವಭಾವ ಗೊತ್ತು. ಅದರಲ್ಲಿಟ್ಟ ಒಡವೆ ಕಳೆಯುವುದಿಲ್ಲ, ಬೆಳೆಯುವುದೂ ಇಲ್ಲ.

ಈಗ ಮ್ಯೂಸಿಯಮ್ಮಿನೊಳಗಿನ ಆಟಕ್ಕೆ ಬರೋಣ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ನಾನು ಕಂಡ ಪ್ರದರ್ಶನ ಇಪ್ಪತ್ತೈದು ನಿಮಿಷದ್ದು. ಗಾಜಿನ ಪೆಟ್ಟಿಗೆಗಳ ನಡುವೆಯೇ ಬಿಳಿ ಪರದೆ ಕಟ್ಟಿದ್ದರು. ಗೊಂಬೆಯವರು ನಮ್ಮ ಸೀಮೆಯವರೇ. ಅವರನ್ನು ಪರಿಚಯಿಸಿದ್ದು ಇಂಗ್ಲಿಷಿನಲ್ಲಿ. ಪೆಟ್ಟಿಗೆಗಳ ಸುರಕ್ಷತೆಗಾಗಿ ಛಾವಣಿಯ ದೀಪಗಳನ್ನು ಪೂರ್ತಿ ಆರಿಸಲಿಲ್ಲ. ಹೀಗಾಗಿ ಸಮುದ್ರ ಹಾರಿದ ಹನುಮಂತ ಮೋಡದ ದಿನದ ನೆರಳಿನಂತೆ ಮಂಕಾಗಿ ಕಂಡ. ಇರುಳಿಡೀ ನಡೆಯುವ ಕಥೆಯಿಂದ ಲಂಕಾದಹನವನ್ನಷ್ಟೇ ಕತ್ತರಿಸಿ ತೆಗೆದಿದ್ದರು. ಪ್ರೇಕ್ಷಕರು ನಿಂತೇ ನೋಡಿದರು, ಪಿಸುಗುಟ್ಟಿದರು, ಅರ್ಧದಲ್ಲಿ ಮುಂದಿನ ಕೋಣೆಗೆ ಹೋದರು.

ನನ್ನ ಅಳತೆಗೋಲಿನಲ್ಲಿ ಇದು ಸೋತ ಆಟ. ಆದರೆ ನಡುವೆ ಒಂದು ನಿಮಿಷ ಗೆದ್ದಿತ್ತು. ಕಿಳ್ಳೇಕ್ಯಾತ ಬಂದವನೇ, ಇಲ್ಲಿ ಯಾರೂ ಜೋರಾಗಿ ಮಾತಾಡುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ, ಇದು ಯಾರ ಸಾವಿನ ಮನೆ ಎಂದು ಬಂಗಾರಕ್ಕನನ್ನು ಕೇಳಿದ. ಮೊದಲು ನಕ್ಕವನು ಬಾಗಿಲ ಕಾವಲುಗಾರ. ಆಮೇಲೆ ಎಲ್ಲರೂ ನಕ್ಕರು, ಕೆಲವರು ನೆಲದ ಮೇಲೆ ಕುಳಿತರು. ಊರಲ್ಲಿ ಈ ಕೋಡಂಗಿಯ ಕೆಲಸವೇ ಇದು: ರಾಮಾಯಣದ ನಡುವೆ ನುಗ್ಗಿ ಊರ ಸಾಹುಕಾರನನ್ನೂ ಪಟೇಲನನ್ನೂ ಕೆಣಕುವುದು. ಗ್ಯಾಲರಿಯಲ್ಲಿ ಅವನಿಗೆ ಸಿಕ್ಕ ಸಾಹುಕಾರ ಗ್ಯಾಲರಿಯೇ. ಆ ಒಂದು ನಿಮಿಷ ಕೋಣೆ ಅವನದಾಗಿತ್ತು.

ಹಾಗಾದರೆ ಗೊಂಬೆಯನ್ನು ಊರಿಗೇ ಬಿಟ್ಟುಬಿಡಿ ಎನ್ನಬಹುದು. ಅಷ್ಟು ಸುಲಭವಿಲ್ಲ. ಮಳೆ ಬರಲೆಂದು ಇರುಳಿಡೀ ಆಟ ಆಡಿಸುತ್ತಿದ್ದ ಊರುಗಳು ಈಗ ವಿರಳ. ಧರ್ಮಾವರದ ಹತ್ತಿರದ ನಿಮ್ಮಲಕುಂಟದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ, ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಂಡರು. ಪ್ರಶಸ್ತಿ ಬರುತ್ತದೆ, ಪರದೆ ಕಟ್ಟುವ ಇರುಳು ಬರುವುದಿಲ್ಲ. ನಿಮ್ಮಲಕುಂಟದಲ್ಲಿ ಅದೇ ತೊಗಲಿನಿಂದ, ಅದೇ ಬಣ್ಣದಿಂದ ದೀಪದ ಬುರುಡೆಗಳನ್ನು ಮಾಡಿ ಮಾರುತ್ತಾರೆ. ಕಲೆ ಕೆಟ್ಟಿತೆಂದು ಕೆಲವರು ಮೂಗು ಮುರಿಯುವುದುಂಟು. ನಾನು ಮುರಿಯುವುದಿಲ್ಲ. ಆ ಬುರುಡೆಯಲ್ಲಿ ಬೆಳಕು ತೊಗಲಿನ ಹಿಂದಿದೆ. ಗೊಂಬೆಯ ಮೊದಲ ಕಟ್ಟಳೆಯನ್ನು ಅದು ಪಾಲಿಸುತ್ತದೆ.

ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಗೊಂಬೆಗಳನ್ನಿಟ್ಟ ಮನೆಯೇ ಬೇರೆ, ಆಟಕ್ಕೆಂದು ಬಯಲು ರಂಗಮಂದಿರವೇ ಬೇರೆ. ಎರಡು ಕಟ್ಟಳೆಗಳನ್ನು ಬೆರೆಸಲು ಹೋಗಲಿಲ್ಲ ಎಂಬುದು ಅದರ ವಿವೇಕ. ಪೆಟ್ಟಿಗೆ ನೋಡಿ ಹೊರಟವರು ಆಟ ನೋಡದೆಯೇ ಹೋಗಬಹುದು ಎಂಬುದು ಅದರ ಮಿತಿ. ಪಾಲಕ್ಕಾಡಿನ ಕಡೆಯ ತೋಲ್ಪಾವಕೂತ್ತು ಇನ್ನೊಂದು ತುದಿ. ಭದ್ರಕಾಳಿಯ ಗುಡಿಯೆದುರಿನ ಕೂತ್ತುಮಾಡದಲ್ಲಿ ಇಪ್ಪತ್ತೊಂದು ದೀಪ ಹಚ್ಚಿ ದೇವಿಗಾಗಿ ಆಡುತ್ತಾರೆ. ಎದುರು ಒಬ್ಬ ಮನುಷ್ಯನಿಲ್ಲದಿದ್ದರೂ ಆಟ ನಿಲ್ಲುವುದಿಲ್ಲ. ಅಲ್ಲಿ ಯಾರ ಕಟ್ಟಳೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈ ವ್ಯತ್ಯಾಸವನ್ನು ಕಲ್ಲಿನಲ್ಲೇ ನೋಡಬೇಕೆಂದರೆ ಮಡಕಶಿರಾ ಕಡೆಯ ಹೇಮಾವತಿಗೆ ಬನ್ನಿ. ನೊಳಂಬರ ರಾಜಧಾನಿ ಹೆಂಜೇರು ಇದೇ. ಇಲ್ಲಿನ ಶಿಲ್ಪಗಳು ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿಗೂ ಹೋಗಿವೆ, ಇಲ್ಲೇ ಪುರಾತತ್ವ ಇಲಾಖೆಯ ಸಂಗ್ರಹದಲ್ಲೂ ನಿಂತಿವೆ. ಪಕ್ಕದ ಗುಡಿಯಲ್ಲಿ ಮನುಷ್ಯರೂಪದ ಸಿದ್ಧೇಶ್ವರನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಕಲ್ಲು ಒಂದೇ ಸೀಮೆಯದು. ಒಂದಕ್ಕೆ ದೀಪ, ಇನ್ನೊಂದಕ್ಕೆ ಫಲಕ. ಫಲಕವಿರುವ ಕಲ್ಲಿನ ಕಾಲಮಾನ ನಮಗೆ ತಿಳಿಯುತ್ತದೆ. ದೀಪವಿರುವ ಕಲ್ಲಿನ ಮುಂದೆ ಜನ ತಮ್ಮ ಸಾಲದ ಕಷ್ಟವನ್ನು ಹೇಳಿಕೊಳ್ಳುತ್ತಾರೆ. ಎರಡೂ ಬೇಕು. ಆದರೆ ಫಲಕ ಹಾಕಿದ ಮಾತ್ರಕ್ಕೆ ಕಲ್ಲಿನ ಬಾಳು ಉಳಿಯಿತೆಂದು ಹೇಳಬಾರದು.

ಇದನ್ನೆಲ್ಲ ಈ ವಾರ್ಷಿಕದಲ್ಲಿ ಏಕೆ ಬರೆಯುತ್ತಿದ್ದೇನೆಂದು ಕಾಸರಗೋಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವೂ ಆ ಗೊಂಬೆಗಳೇ. ರಾಜ್ಯೋತ್ಸವದ ವೇದಿಕೆಗೆ ‘ಗಡಿನಾಡ ಕವಿ’ ಎಂದು ಕರೆಯುತ್ತಾರೆ, ಐದು ನಿಮಿಷ ಕೊಡುತ್ತಾರೆ, ಶಾಲು ಹೊದಿಸುತ್ತಾರೆ. ಎದುರಿನಿಂದ ಬಲವಾದ ದೀಪ. ಗಡಿಯವರ ಕನ್ನಡ ಇನ್ನೂ ಉಸಿರಾಡುತ್ತಿದೆಯಲ್ಲ ಎಂದು ಚಪ್ಪಾಳೆ ಬೀಳುತ್ತದೆ. ನಮ್ಮ ಮಾತಿನ ಹಿಂದಿರುವ ಬೆಳಕು, ಎಂದರೆ ಪಕ್ಕದ ತೆಲುಗು, ಪಕ್ಕದ ಮಲಯಾಳಂ, ತುಳು, ಮರಾಠಿ, ಆ ಸಭಾಂಗಣಕ್ಕೆ ಬೇಡ. ಅದಿಲ್ಲದೆ ನಮ್ಮ ಕನ್ನಡದ ಬಣ್ಣ ಹೊತ್ತಿಕೊಳ್ಳುವುದಿಲ್ಲ.

ಮ್ಯೂಸಿಯಂ ನಡೆಸುವವರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಗೊಂಬೆಯವರನ್ನು ಕರೆದ ದಿನ ಪೆಟ್ಟಿಗೆಗಳನ್ನು ಬೇರೆ ಕೋಣೆಗೆ ಸಾಗಿಸಿ ದೀಪ ಪೂರ್ತಿ ಆರಿಸಿ. ಇಪ್ಪತ್ತೈದು ನಿಮಿಷದ ಹತ್ತು ಆಟಗಳ ಬದಲು ವರ್ಷಕ್ಕೆ ಒಂದು ಇಡೀ ಇರುಳು ಕೊಡಿ, ಹತ್ತರ ಸಂಭಾವನೆ ಒಂದಕ್ಕೆ ಕೊಡಿ. ಚಾಪೆ ಹಾಸಿ. ಪೆಟ್ಟಿಗೆಯಲ್ಲಿರುವ ಗೊಂಬೆಯ ಹೊಲಿಗೆ ಬಿಟ್ಟಿದ್ದರೆ ಆ ಕಸುಬಿನವರನ್ನೇ ಕೇಳಿ. ಕಿಳ್ಳೇಕ್ಯಾತ ಏನು ಹೇಳುತ್ತಾನೆಂದು ಮುಂಚಿತವಾಗಿ ಬರೆಸಿಕೊಳ್ಳಬೇಡಿ. ಮ್ಯೂಸಿಯಮ್ಮನ್ನೇ ಬೈದರೆ ನಗಿರಿ. ಇಷ್ಟಾದರೆ ಆ ಇರುಳಿನ ಮಟ್ಟಿಗೆ ಅದು ಮ್ಯೂಸಿಯಮ್ಮಿನ ಕೋಣೆಯಾಗಿರುವುದಿಲ್ಲ. ಬೆಳಗಾದ ಮೇಲೆ ದೀಪ ಹಾಕಿ, ಬಾಗಿಲು ತೆರೆದು, ಎಂದಿನಂತೆ ಟಿಕೆಟು ಕೊಡಬಹುದು.