ಚಿತ್ರವೂ ಧ್ವನಿಯೂ

ಛಾಯಾಚಿತ್ರಕ್ಕೆ ಬಾಯಿಯಿಲ್ಲ, ತೆಗೆದವನಿಗೆ ಉಂಟು. ಈ ಭೇದವನ್ನು ಮರೆತಲ್ಲಿ ‘ಚಿತ್ರಧ್ವನಿ’ ಎನ್ನಬಹುದಾದ ಪದ್ಧತಿಯ ಗುಣದೋಷಗಳು ಗೋಚರವಾಗಲಾರವು. ೧೯೯೦ರ ದಶಕದಲ್ಲಿ ಚೀನಾದೇಶದ ಯೂನ್ನಾನ್ ಪ್ರಾಂತದ ೬೨ ಮಂದಿ ಗ್ರಾಮಸ್ತ್ರೀಯರ ಕೈಗೆ ಕ್ಯಾಮರಾ ಕೊಟ್ಟು ಕ್ಯಾರೊಲಿನ್ ವಾಂಗ್, ಮೇರಿ ಆನ್ ಬರಿಸ್ ಎಂಬ ವಿದುಷಿಯರು ಇದನ್ನು ರೂಪಿಸಿದರು. ಊರಿನ ಬಲವನ್ನೂ ಕೊರತೆಯನ್ನೂ ದಾಖಲಿಸುವುದು, ಚಿತ್ರಗಳನ್ನು ಮುಂದಿಟ್ಟುಕೊಂಡು ಕೂಡಿ ವಿಚಾರಮಾಡುವುದು, ಅಧಿಕಾರಸ್ಥರಿಗೆ ಮುಟ್ಟಿಸುವುದು—ಇವು ಮೂರು ಅದರ ಉದ್ದೇಶಗಳು. ತರುವಾಯ ಅದು ತರುಣರ ಕೈಗೂ ಬಂದಿತು.

ಮೈಸೂರಿನ ಟಿ. ಎಸ್. ಸತ್ಯನ್ನರು ತೆಗೆದ ಮಕ್ಕಳ ಚಿತ್ರಗಳು ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಅಲ್ಲಿ ಮಗು ವಿಷಯ, ಕಲಾವಿದನು ಕರ್ತೃ. ಚಿತ್ರಧ್ವನಿಯಲ್ಲಾದರೋ ವಿಷಯವೇ ಕರ್ತೃವಾಗಬೇಕು. ಕ್ಯಾಮರಾ ಕೈಗೆ ಬಂದಮಾತ್ರಕ್ಕೆ ಅದು ಸಿದ್ಧಿಸುವುದಿಲ್ಲ. ‘ಬಾರ್ನ್ ಇನ್‌ಟು ಬ್ರಾಥೆಲ್ಸ್’ (೨೦೦೪) ಚಲಚ್ಚಿತ್ರದಲ್ಲಿ ಕಲ್ಕತ್ತೆಯ ಸೋನಾಗಾಛಿಯ ಮಕ್ಕಳು ಚಿತ್ರ ತೆಗೆದರೂ ಕಥನಸೂತ್ರವು ನಿರ್ದೇಶಕರ ಕೈಯಲ್ಲೇ ಉಳಿಯಿತು.

ಬೆಂಗಳೂರು ದಂಡುಪ್ರದೇಶದ ಮರ್ಫಿ ಟೌನನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳಬಹುದು. ಮೊದಲು ನಾಕ್ಸ್‌ಪೇಟೆಯೆನಿಸಿದ್ದ ಈ ಬಡಾವಣೆಗೆ ಬಳಿಕ ಎಂಜಿನಿಯರ್ ಮರ್ಫಿಯ ಹೆಸರು ಬಂದಿತು. ಎರಡು ಹೆಸರುಗಳೂ ನಿವಾಸಿಗಳು ಇಟ್ಟುಕೊಂಡವಲ್ಲ. ಅಲ್ಲಿಯ ತರುಣಿಯೊಬ್ಬಳು ಬತ್ತಿದ ನಲ್ಲಿಯ ಚಿತ್ರ ತೆಗೆದಳೆಂದು ಭಾವಿಸಿದರೆ, ಆ ಚಿತ್ರವು ಯಾವ ನಗರದ್ದೂ ಆಗಬಹುದು. ಯಾವ ಬೀದಿ, ಎಷ್ಟು ದಿನದಿಂದ, ಕೊಡ ಹೊತ್ತವರಾರು ಎಂಬುದನ್ನು ಅವಳ ಮಾತೇ ಹೇಳಬೇಕು. ಅವಳು ಕನ್ನಡವನ್ನೋ ತಮಿಳನ್ನೋ ಉರ್ದುವನ್ನೋ ಆಡಿದ ಬಗೆಯಲ್ಲಿಯೇ ಅದನ್ನು ಬರೆದಿಡಬೇಕು. ಸಂಯೋಜಕನು ಅದನ್ನು ನಯವಾದ ಇಂಗ್ಲಿಷಿಗೆ ತಿರುಗಿಸಿದೊಡನೆ ಕರ್ತೃತ್ವವು ಕೈಬದಲಾಗುತ್ತದೆ.

ಆನಂದವರ್ಧನನ ಮತದಲ್ಲಿ ಧ್ವನಿಯು ವಾಚ್ಯಕ್ಕಿಂತ ಮಿಗಿಲಾದುದು. ಅದನ್ನರಿಯಲು ಸಹೃದಯನು ಬೇಕು. ಕಾವ್ಯಕ್ಕೆ ಒಪ್ಪುವ ಈ ಮಾತು ಅರ್ಜಿಗೆ ಒಪ್ಪದು. ಅಧಿಕಾರಿಯು ಸಹೃದಯನೆಂದು ನಂಬಿ ದೂರನ್ನು ಸೂಚ್ಯವಾಗಿ ಬಿಟ್ಟರೆ, ಅವನು ಚಿತ್ರದ ಸೊಗಸನ್ನು ಹೊಗಳಿ ನಲ್ಲಿಯನ್ನು ಮರೆಯಬಹುದು. ಆದಕಾರಣ ಇಲ್ಲಿ ವಾಚ್ಯವೇ ಪ್ರಧಾನ. ಚಿತ್ರವು ಅದಕ್ಕೆ ಸಾಕ್ಷಿ.

ಹೀಗಿರಲು, ಈ ಪದ್ಧತಿಯ ಯಾವ ಪ್ರಯೋಗವನ್ನಾದರೂ ಪ್ರದರ್ಶನದ ಅಂದದಿಂದ ಅಳೆಯುವುದು ಯುಕ್ತವಲ್ಲ. ಚಿತ್ರಗಳನ್ನು ಆರಿಸಿದವರಾರು, ಅಡಿಬರಹ ಯಾರದು, ಕೊನೆಗೆ ಉತ್ತರ ಕೊಟ್ಟವರಾರು—ಈ ಮೂರು ಪ್ರಶ್ನೆಗಳೇ ಅದರ ಒರೆಗಲ್ಲು. ಉತ್ತರ ಬಾರದಿದ್ದಲ್ಲಿ ತರುಣರ ದನಿಯು ಗೋಡೆಯ ಮೇಲೆ ತೂಗಿದ್ದಷ್ಟೇ ಫಲ.